ಡಿಶ್, ಡಬ್ಬ, ಅರ್ಥಿಂಗ್: ಗಡಿನಾಡಿನ ಮನೆಯ ಎಲೆಕ್ಟ್ರಾನಿಕ್ಸ್

ಹೊಗೆನಕಲ್ ಆಸುಪಾಸಿನ ಕನ್ನಡ ಮನೆಯಲ್ಲಿ ರೇಡಿಯೊ, ಟಿ.ವಿ., ಕಂಪ್ಯೂಟರ್ ಕೊಂಡು ಕೂರಿಸುವುದೆಂದರೆ ಮೂರು ದಿಕ್ಕಿನ ವ್ಯವಹಾರ. ಕರೆಂಟು ತಮಿಳುನಾಡಿನದು. ಮಾಲಿಗೆ ಬೆಂಗಳೂರಿನ ಎಸ್.ಪಿ. ರೋಡ್ ಹತ್ತಿರ, ಚೆನ್ನೈನ ರಿಚಿ ಸ್ಟ್ರೀಟ್ ದೂರ. ಕನ್ನಡದ ದನಿಯೂ ಚಿತ್ರವೂ ಬರುವುದು ಗಾಳಿಯಲ್ಲಿ, ಬೆಂಗಳೂರಿನ ಬಾನುಲಿಯಿಂದ ಇಲ್ಲವೇ ಉಪಗ್ರಹದಿಂದ. ಈ ಮೂರನ್ನೂ ಮನೆಯ ಒಂದು ಗೋಡೆಯ ಬಳಿ ತಂದು ಕೂಡಿಸುವ ಕೆಲಸ ಬಹಳ ಕಡೆ ಮನೆಯ ಹವ್ಯಾಸಿಯ ಪಾಲಿನದು. ಕಂಪನಿಯ ಸರ್ವಿಸ್‌ನವರು ಧರ್ಮಪುರಿಯಿಂದ ಪೆನ್ನಾಗರಂ ದಾಟಿ 46 ಕಿ.ಮೀ. ಬಂದು ಹೋಗುವುದು ವಾರಂಟಿ ಇದ್ದಾಗಲೂ ಸುಲಭದ ಮಾತಲ್ಲ.

ಈ ಸೀಮೆಯಲ್ಲಿ ಕನ್ನಡ ಮನೆಮಾತಾಗಿರುವವರು ಒಂದೇ ಕಡೆ ಇಲ್ಲ. ಹೊಸೂರು, ಡೆಂಕಣಿಕೋಟೆ, ತಳಿ, ಅಂಚೆಟ್ಟಿಯ ಕಡೆ ರೈತಾಪಿ ಜನ ಇದ್ದಾರೆ. ಸೇಲಂನಲ್ಲಿ ಮಗ್ಗದ ಕಸುಬಿನ ದೇವಾಂಗದವರು ಇದ್ದಾರೆ. ಹೊಗೆನಕಲ್‌ನಲ್ಲಂತೂ ನದಿಯ ಆಚೆ ದಡವೇ ಕರ್ನಾಟಕದ ಚಾಮರಾಜನಗರ ಜಿಲ್ಲೆ. ಇವರಲ್ಲಿ ಹಲವರು ಶಾಲೆಯಲ್ಲಿ ಕಲಿತದ್ದು ತಮಿಳು ಅಕ್ಷರ. ಮನೆಯಲ್ಲಿ ಆಡುವ ಮಾತು ಹೊರಗಿನಿಂದಲೂ ಕಿವಿಗೆ ಬೀಳಬೇಕಾದರೆ ಅದಕ್ಕೆ ರೇಡಿಯೊ ಬೇಕು, ಡಿಶ್ ಬೇಕು, ಈಗ ಮೊಬೈಲೂ ಬೇಕು. ನಗರದ ಮನೆಯಲ್ಲಿ ಆ್ಯಂಟೆನಾ ಸರಿಯಾಗಿ ಕೂರದಿದ್ದರೆ ಒಂದು ಸಂಜೆಯ ಮನರಂಜನೆ ತಪ್ಪುತ್ತದೆ. ಇಲ್ಲಿ ತಪ್ಪುವುದು ಕನ್ನಡವೇ.

ಮನೆಯಲ್ಲಿ ಯಂತ್ರ ಕೂರಿಸಿ ಕನ್ನಡವನ್ನು ಗಾಳಿಗೆ ಬಿಟ್ಟ ಮೊದಲಿಗರೂ ಒಬ್ಬ ಹವ್ಯಾಸಿಯೇ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ರಂದು ಒಂಟಿಕೊಪ್ಪಲಿನ ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದ 30 ವ್ಯಾಟ್‌ನ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಬಾನುಲಿ ಪ್ರಸಾರ ಆರಂಭಿಸಿದರು. 30 ವ್ಯಾಟ್ ಎಂದರೆ ಇವತ್ತು ಒಂದು ಸಾಧಾರಣ ಎಲ್‌ಇಡಿ ಟಿ.ವಿ. ಎಳೆಯುವ ಕರೆಂಟು. ಆಮೇಲೆ ಅವರು 250 ವ್ಯಾಟ್‌ನ ಯಂತ್ರವನ್ನು ವಿದೇಶದಿಂದ ತರಿಸಿದರು. ಆ ಮನೆಯ ಕೇಂದ್ರವೇ ಮುಂದೆ ಮೈಸೂರು ಸಂಸ್ಥಾನದ ಕೈಗೆ ಹೋಗಿ, 1955ರಲ್ಲಿ ಬೆಂಗಳೂರು ಆಕಾಶವಾಣಿಯಾಗಿ ನೆಲೆನಿಂತಿತು.

ಬೆಂಗಳೂರು ಕೇಂದ್ರದ 612 ಕಿಲೋಹರ್ಟ್ಜ್‌ನ ಮೀಡಿಯಂ ವೇವ್ ಗಡಿ ಹಳ್ಳಿಗಳ ಹಳೆಯ ನಂಟು. ರಸ್ತೆಯಲ್ಲಿ ಹೊಗೆನಕಲ್‌ಗೆ ಬೆಂಗಳೂರಿನಿಂದ ಧರ್ಮಪುರಿಯ ಮೇಲಿಂದ ಸುಮಾರು 180 ಕಿ.ಮೀ. ಆದರೂ ಗೆರೆ ಎಳೆದಂತೆ ನೋಡಿದರೆ ದೂರ ಹೆಚ್ಚುಕಡಿಮೆ 100 ಕಿ.ಮೀ. ಮಾತ್ರ. ಮೀಡಿಯಂ ವೇವ್ ಹಗಲು ಹೊತ್ತು ನೆಲಕ್ಕಂಟಿಕೊಂಡು ಸಾಗುವುದರಿಂದ ನಡುವಿನ ಗುಡ್ಡ ಕಾಡುಗಳು ಅದಕ್ಕೆ ಅಷ್ಟಾಗಿ ಅಡ್ಡಿಯಲ್ಲ. ಎಫ್‌ಎಂ ಹಾಗಲ್ಲ, ಅದು ಕಣ್ಣಿಗೆ ಕಾಣುವಷ್ಟು ದೂರವನ್ನೇ ನೆಚ್ಚಿಕೊಂಡದ್ದು, ಗುಡ್ಡದ ಮರೆಗೆ ಬಂದರೆ ಕ್ಷೀಣಿಸುತ್ತದೆ. ಕಣಿವೆಯ ಮನೆಗಳಲ್ಲಿ ಹಳೆಯ ಸೆಟ್ಟು ಮೂಲೆ ಸೇರದೆ ಉಳಿಯಲು ಇದು ಸಾಕಾದ ಕಾರಣ. ಟ್ರಾನ್ಸಿಸ್ಟರ್ ಸೆಟ್ಟಿನ ಒಳಗೆ ಕಪ್ಪು ಕಡ್ಡಿಯಂಥ ಫೆರೈಟ್ ರಾಡ್ ಮಲಗಿರುತ್ತದೆ. ಮೀಡಿಯಂ ವೇವ್‌ಗೆ ಆ್ಯಂಟೆನಾ ಅದೇ, ಹೊರಗೆ ಎಳೆಯುವ ಸ್ಟೀಲ್ ಕಡ್ಡಿಯಲ್ಲ. ರಾಡಿನ ಮಗ್ಗುಲು ಕೇಂದ್ರದ ಕಡೆಗಿದ್ದಾಗ ದನಿ ಜೋರಾಗಿಯೂ, ತುದಿ ಕೇಂದ್ರದ ಕಡೆಗಾದಾಗ ಕ್ಷೀಣವಾಗಿಯೂ ಕೇಳುತ್ತದೆ. ಹೊಗೆನಕಲ್‌ಗೆ ಬೆಂಗಳೂರು ಬಡಗಣ ದಿಕ್ಕಿನಲ್ಲಿರುವುದರಿಂದ ರಾಡ್ ಮೂಡಣ ಪಡುವಣವಾಗಿ ಮಲಗುವಂತೆ ಸೆಟ್ಟನ್ನು ಇಟ್ಟರೆ ಸರಿ. ಖರ್ಚು ಏನೂ ಇಲ್ಲದ ಈ ಸುಧಾರಣೆಯನ್ನು ಮಾಡಿ ನೋಡದವರೇ ಹೆಚ್ಚು.

ಈಗಿನ ಮನೆಗಳಲ್ಲಿ ಮೀಡಿಯಂ ವೇವ್ ಕೆಡಲು ಕೇಂದ್ರದ ದೂರಕ್ಕಿಂತ ಮನೆಯೊಳಗಿನ ಗದ್ದಲವೇ ದೊಡ್ಡ ಕಾರಣ. ಅಗ್ಗದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಸೆಟ್‌ಟಾಪ್ ಬಾಕ್ಸ್‌ನ ಅಡಾಪ್ಟರ್ ಇವೆಲ್ಲ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಬಾರಿ ಕತ್ತರಿಸಿ ಜೋಡಿಸುವ ಸರ್ಕ್ಯೂಟುಗಳು. ಒಳಗಿನ ಫಿಲ್ಟರ್ ಉಳಿತಾಯ ಮಾಡಿದ ಮಾಲಾದರೆ ಆ ಕತ್ತರಿಸುವಿಕೆಯ ಸದ್ದು ರೇಡಿಯೊದಲ್ಲಿ ಜೇನಿನ ಗುಂಯ್‌ಗುಡುವಿಕೆಯಾಗಿ ಕೇಳುತ್ತದೆ. ಬ್ಯಾಟರಿಯ ಮೇಲೆ ಓಡುವ ಸಣ್ಣ ಟ್ರಾನ್ಸಿಸ್ಟರನ್ನು ಯಾವ ಕೇಂದ್ರವೂ ಇಲ್ಲದ ಜಾಗಕ್ಕೆ ತಿರುಗಿಸಿ, ಒಂದೊಂದು ಪ್ಲಗ್ಗಿನ ಹತ್ತಿರ ಹಿಡಿದು ನೋಡಿದರೆ ಕಳ್ಳ ಯಾವುದು ಎಂದು ತಿಳಿಯುತ್ತದೆ. ಬಹಳ ಸಲ ಸಿಕ್ಕಿಬೀಳುವುದು ಬ್ರಾಂಡ್ ಇಲ್ಲದ ಚಾರ್ಜರ್.

ಕರೆಂಟಿನ ವಿಷಯವನ್ನು ನಿಧಾನವಾಗಿ ನೋಡಬೇಕು, ಏಕೆಂದರೆ ಕೆಡುವ ಸಾಮಾನುಗಳಲ್ಲಿ ದೊಡ್ಡ ಪಾಲು ಕೆಡುವುದು ಇಲ್ಲಿಂದ. ಕಾವೇರಿಯ ದಂಡೆಯಲ್ಲಿ ವಿದ್ಯುತ್ತಿಗೆ ಹಳೆಯ ಚರಿತ್ರೆ ಇದೆ. ಹೊಗೆನಕಲ್‌ಗಿಂತ ಮೇಲಿನ ಶಿವನಸಮುದ್ರದಲ್ಲಿ 1902ರಲ್ಲೇ ವಿದ್ಯುತ್ ಉತ್ಪಾದನೆ ಆರಂಭವಾಗಿ, ಸುಮಾರು 150 ಕಿ.ಮೀ. ತಂತಿಯಲ್ಲಿ ಕೋಲಾರದ ಚಿನ್ನದ ಗಣಿಗೆ ಹರಿಯಿತು. ಕೆಳಗೆ ಸೇಲಂ ಜಿಲ್ಲೆಯ ಮೆಟ್ಟೂರು ಅಣೆಕಟ್ಟು ಮುಗಿದದ್ದು 1934ರಲ್ಲಿ. ಇವೆರಡರ ನಡುವಿನ ಹಳ್ಳಿಗಳಿಗೆ ಮನೆಮನೆಯ ಕರೆಂಟು ತಲುಪಿದ್ದು ಎಷ್ಟೋ ಕಾಲದ ಮೇಲೆ, ಅದೂ ಉದ್ದನೆಯ ಲೈನಿನ ಕೊನೆಯಲ್ಲಿ. ನಮ್ಮಲ್ಲಿ ಮನೆಯ ವೋಲ್ಟೇಜು 230 ಇರಬೇಕು. ಲೈನಿನ ತುದಿಯಲ್ಲಿ ಪಂಪ್‌ಸೆಟ್ಟುಗಳು ಒಟ್ಟಿಗೆ ಓಡುವ ಹೊತ್ತಿನಲ್ಲಿ ಅದು ಎಷ್ಟೋ ಕೆಳಗಿಳಿಯುತ್ತದೆ; ಅವೆಲ್ಲ ಒಮ್ಮೆಲೇ ನಿಂತಾಗ ಮೇಲೇರುತ್ತದೆ.

ಇದಕ್ಕೆ ಸ್ಟೆಬಿಲೈಸರ್ ಮದ್ದು ಎಂಬುದು ಪಿಕ್ಚರ್ ಟ್ಯೂಬ್ ಟಿ.ವಿ.ಯ ಕಾಲದಿಂದ ಬಂದ ನಂಬಿಕೆ. ಕಂಪ್ರೆಸರ್ ಇರುವ ಫ್ರಿಜ್ಜಿಗೆ ಅದು ಇವತ್ತಿಗೂ ಬೇಕು. ಆದರೆ ಈಗಿನ ಬಹುಪಾಲು ಎಲ್‌ಇಡಿ ಟಿ.ವಿ., ಲ್ಯಾಪ್‌ಟಾಪ್ ಅಡಾಪ್ಟರ್, ಮಾನಿಟರುಗಳ ಹಿಂದೆ 100–240 ವೋಲ್ಟ್ ಎಂದು ಅಚ್ಚು ಹಾಕಿರುತ್ತಾರೆ. ಅವುಗಳೊಳಗಿನ ಸ್ವಿಚಿಂಗ್ ಸರ್ಕ್ಯೂಟು ಲೋ ವೋಲ್ಟೇಜನ್ನು ತಾನೇ ಸಂಭಾಳಿಸಿಕೊಳ್ಳುತ್ತದೆ. ಅಂಥ ಟಿ.ವಿ.ಗೆ ಸ್ಟೆಬಿಲೈಸರ್ ಕೊಳ್ಳುವ ದುಡ್ಡನ್ನು ಅರ್ಥಿಂಗ್‌ಗೆ ಹಾಕುವುದು ಬುದ್ಧಿವಂತಿಕೆ. ಯಂತ್ರವನ್ನು ಸುಡುವುದು ಇಳಿದ ವೋಲ್ಟೇಜಿಗಿಂತ ಹೆಚ್ಚಾಗಿ ಮೂರು: ಕರೆಂಟು ಹೋಗಿ ಬರುವಾಗಿನ ಹೊಡೆತ, ಸಿಡಿಲು, ಕಂಬದಲ್ಲಿ ಸಡಿಲಾದ ನ್ಯೂಟ್ರಲ್. ಮೂರನೆಯದು ಎಲ್ಲಕ್ಕಿಂತ ಅಪಾಯಕಾರಿ. ನ್ಯೂಟ್ರಲ್ ಬಿಟ್ಟುಹೋದರೆ ಬೇರೆ ಬೇರೆ ಫೇಸಿನ ಎರಡು ಮನೆಗಳ ಯಂತ್ರಗಳು ಒಂದರ ಹಿಂದೊಂದು ಸರಣಿಯಾಗಿ ಸೇರಿ, ಕಡಿಮೆ ಲೋಡಿನ ಮನೆಗೆ 400 ವೋಲ್ಟಿನ ಹತ್ತಿರ ಬರಬಹುದು. ಬಲ್ಬು ಇದ್ದಕ್ಕಿದ್ದಂತೆ ಝಗ್ಗನೆ ಉರಿದರೆ ಮೇನ್ ಸ್ವಿಚ್ ತೆಗೆಯುವುದೇ ಮೊದಲ ಕೆಲಸ.

ಅರ್ಥಿಂಗ್ ಇಲ್ಲದ ಮನೆಯನ್ನು ಗುರುತಿಸುವುದು ಕಷ್ಟವಲ್ಲ. ಕಂಪ್ಯೂಟರಿನ ತಗಡಿನ ಡಬ್ಬವನ್ನು ಬರಿಗಾಲಲ್ಲಿ ನಿಂತು ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ. ‘ಬಾಡಿ ಶಾಕ್’ ಎಂದು ಜನ ಇದನ್ನು ಕರೆದು ಸುಮ್ಮನಾಗುತ್ತಾರೆ. ನಡೆಯುವುದೇನೆಂದರೆ, ಕಂಪ್ಯೂಟರಿಗೆ ಕರೆಂಟು ಒದಗಿಸುವ ಎಸ್‌ಎಂಪಿಎಸ್ ಒಳಗೆ ಫೇಸಿನಿಂದ ಡಬ್ಬಕ್ಕೊಂದು, ನ್ಯೂಟ್ರಲ್‌ನಿಂದ ಡಬ್ಬಕ್ಕೊಂದು ಸಣ್ಣ ಕೆಪಾಸಿಟರ್ ಇರುತ್ತದೆ. ಸದ್ದನ್ನು ನೆಲಕ್ಕೆ ಕಳಿಸಲು ಇಟ್ಟದ್ದು. ಅರ್ಥ್ ತಂತಿ ಇದ್ದರೆ ಆ ಅಲ್ಪ ಕರೆಂಟು ಮಣ್ಣಿಗೆ ಹೋಗುತ್ತದೆ. ಇಲ್ಲದಿದ್ದರೆ ಡಬ್ಬ ಫೇಸಿಗೂ ನ್ಯೂಟ್ರಲ್‌ಗೂ ನಡುಮಧ್ಯೆ, 115 ವೋಲ್ಟಿನ ಆಸುಪಾಸಿನಲ್ಲಿ ತೇಲುತ್ತದೆ. ಅದರಿಂದ ಹರಿಯುವ ಕರೆಂಟು ಪ್ರಾಣಕ್ಕೆ ಎರವಾಗುವಷ್ಟಿಲ್ಲ ನಿಜ. ಆದರೆ ಎಚ್‌ಡಿಎಂಐ ಕೇಬಲ್ಲನ್ನೋ ಆಡಿಯೊ ಪಿನ್ನನ್ನೋ ಚುಚ್ಚುವ ಗಳಿಗೆಯಲ್ಲಿ ಅದೇ ವೋಲ್ಟೇಜು ಸೂಕ್ಷ್ಮವಾದ ಚಿಪ್ಪಿನ ಮೂಲಕ ಹಾದು ಪೋರ್ಟನ್ನು ಸುಡುತ್ತದೆ. ‘ಟಿ.ವಿ. ಚೆನ್ನಾಗಿದೆ, ಎಚ್‌ಡಿಎಂಐ ಮಾತ್ರ ಹೋಗಿದೆ’ ಎಂಬ ದೂರಿನ ಹಿಂದೆ ಬಹಳ ಸಲ ಇದೇ ಕಥೆ.

ಮಲ್ಟಿಮೀಟರಿನಲ್ಲಿ ಮೂರು ಅಳತೆ ಸಾಕು. ಫೇಸಿಗೂ ನ್ಯೂಟ್ರಲ್‌ಗೂ ಎಷ್ಟು ಬರುತ್ತದೋ ಫೇಸಿಗೂ ಅರ್ಥಿಗೂ ಅಷ್ಟೇ ಬರಬೇಕು. ನ್ಯೂಟ್ರಲ್‌ಗೂ ಅರ್ಥಿಗೂ ನಡುವೆ ಎರಡು ಮೂರು ವೋಲ್ಟಿಗಿಂತ ಹೆಚ್ಚಿರಬಾರದು. ಹತ್ತೋ ಇಪ್ಪತ್ತೋ ತೋರಿಸಿದರೆ ಅರ್ಥ್ ಗುಂಡಿ ಒಣಗಿದೆ, ಇಲ್ಲವೇ ನ್ಯೂಟ್ರಲ್ ಸಡಿಲವಾಗಿದೆ. ಧರ್ಮಪುರಿ ಸೀಮೆಯ ನೆಲ ಮಳೆ ಕಡಿಮೆಯ, ಬಂಡೆ ಹತ್ತಿರವಿರುವ ನೆಲ. ಅಗೆದ ಗುಂಡಿಗೆ ಜಿಐ ಪೈಪು ಇಳಿಸಿ, ಸುತ್ತ ಇದ್ದಲು ಉಪ್ಪು ಪದರಪದರವಾಗಿ ತುಂಬಿ, ಬೇಸಿಗೆಯಲ್ಲಿ ಪೈಪಿನ ಬಾಯಿಗೆ ನೀರು ಹೊಯ್ಯುವುದು ಹಳೆಯ ಕ್ರಮ. ಭಾರತೀಯ ಮಾನಕ ಸಂಸ್ಥೆಯ (ಬಿಐಎಸ್) ಐಎಸ್ 3043 ಅರ್ಥಿಂಗ್‌ನ ನಿಯಮಗಳನ್ನು ವಿವರವಾಗಿ ಹೇಳುತ್ತದೆ. ಬಂಡೆ ಸಿಕ್ಕಿ ಆಳಕ್ಕೆ ಹೋಗಲಾಗದಿದ್ದರೆ ದೂರದೂರವಾಗಿ ಎರಡು ಮೂರು ರಾಡು ಹೊಡೆದು ತಾಮ್ರದ ತಂತಿಯಿಂದ ಒಂದು ಮಾಡಬಹುದು. ಬಚ್ಚಲ ನೀರು ಹರಿಯುವ ಮಗ್ಗುಲು ಗುಂಡಿಗೆ ಒಳ್ಳೆಯ ಜಾಗ. ಇದಕ್ಕೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಬೇಕು, ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿಯನ್ನೂ ಅವನ ಕೈಯಲ್ಲೇ ಹಾಕಿಸಬೇಕು. ಲೋಡು ಮೀರಿದಾಗ ಬೀಳುವ ಎಂಸಿಬಿ ತಂತಿಯನ್ನು ಕಾಯುತ್ತದೆ, ಕರೆಂಟು ಸೋರಿದಾಗ ಬೀಳುವ ಆರ್‌ಸಿಸಿಬಿ ಮನುಷ್ಯನನ್ನು ಕಾಯುತ್ತದೆ.

ಸ್ಪೈಕ್ ಗಾರ್ಡ್ ಎಂದು ಮಾರುವ ಉದ್ದನೆಯ ಎಕ್ಸ್‌ಟೆನ್ಶನ್ ಬೋರ್ಡಿನ ಬಗ್ಗೆಯೂ ತಪ್ಪು ತಿಳಿವಳಿಕೆ ಬಹಳ. ಅದರೊಳಗಿನ ಕೆಲಸಗಾರ ಎಂಒವಿ ಎಂಬ ಬಿಲ್ಲೆ. ವೋಲ್ಟೇಜು ಮಿತಿ ಮೀರಿದಾಗ ಅದು ಹೆಚ್ಚುವರಿಯನ್ನು ಅಡ್ಡದಾರಿಗೆ ತಿರುಗಿಸುತ್ತದೆ, ಆ ದಾರಿಗಳಲ್ಲಿ ಅರ್ಥ್ ಕೂಡ ಒಂದು. ಅರ್ಥ್ ಇಲ್ಲದ ಮನೆಯಲ್ಲಿ ಸ್ಪೈಕ್ ಗಾರ್ಡ್ ಪೂರ್ತಿ ಕೆಲಸ ಮಾಡಲಾರದು. ಇನ್ನೊಂದು, ಪ್ರತಿ ಹೊಡೆತಕ್ಕೂ ಎಂಒವಿ ಸ್ವಲ್ಪ ಸ್ವಲ್ಪ ಸವೆಯುತ್ತದೆ. ಕೆಲವು ವರ್ಷ ದುಡಿದ ಬೋರ್ಡನ್ನು ಬದಲಿಸಬೇಕು. ಏಪ್ರಿಲ್–ಮೇ ತಿಂಗಳ ಗುಡುಗಿಗೂ, ಅಕ್ಟೋಬರ್–ನವೆಂಬರಿನ ಹಿಂಗಾರಿಗೂ ಯಾವ ಗಾರ್ಡೂ ಪೂರ್ತಿ ಉತ್ತರವಲ್ಲ. ಪ್ಲಗ್ ಕೀಳಬೇಕು, ಜೊತೆಗೆ ಡಿಶ್ ಕೇಬಲ್ಲನ್ನೂ ಬಿಚ್ಚಬೇಕು. ಪ್ಲಗ್ ಮಾತ್ರ ಕಿತ್ತು ಮಾಳಿಗೆಯ ಕೇಬಲ್ ಬಿಟ್ಟರೆ ಸಿಡಿಲಿಗೆ ಒಂದು ಬಾಗಿಲು ಹಾಕಿ ಇನ್ನೊಂದನ್ನು ತೆರೆದಿಟ್ಟಂತಾಯಿತು.

ಮಾಳಿಗೆಯ ಆ ಕೇಬಲ್ಲಿಗೂ ಒಂದು ವಂಶಾವಳಿ ಇದೆ. ಬೆಂಗಳೂರು ದೂರದರ್ಶನ 1981ರಲ್ಲಿ ಬಂತು, 1982ರ ಏಷ್ಯನ್ ಕ್ರೀಡಾಕೂಟದೊಂದಿಗೆ ದೇಶಕ್ಕೆ ಬಣ್ಣದ ಟಿ.ವಿ. ಬಂತು. ಎತ್ತರದ ಜಿಐ ಪೈಪಿಗೆ ಮೀನಿನ ಮುಳ್ಳಿನಂಥ ಯಾಗಿ ಆ್ಯಂಟೆನಾ ಕಟ್ಟಿ, ಬೂಸ್ಟರ್ ಹಾಕಿ, ಒಬ್ಬ ಮಾಳಿಗೆ ಮೇಲೆ ತಿರುಗಿಸುತ್ತ ಇನ್ನೊಬ್ಬ ಕೆಳಗಿನಿಂದ ಕೂಗಿ ಹೇಳುತ್ತ ಚಿತ್ರ ಹಿಡಿಯುತ್ತಿದ್ದ ಕಾಲ ಅದು. ಕೇಬಲ್ ಬಂದ ಮೇಲೆ ಯಾಗಿ ಕಂಬಗಳು ಬಟ್ಟೆ ಒಣಹಾಕಲು ಮೀಸಲಾದವು. ತಮಿಳುನಾಡಿನ ಕೇಬಲ್ಲಿನಲ್ಲಿ ಯಾವ ಕನ್ನಡ ವಾಹಿನಿ ಬರುತ್ತದೆ, ಯಾವುದು ಬರುವುದಿಲ್ಲ ಎಂಬುದು ಆಪರೇಟರ್ ಕೈಯಲ್ಲಿತ್ತು. ಪ್ರಸಾರ ಭಾರತಿ 2004ರ ಡಿಸೆಂಬರಿನಲ್ಲಿ ಆರಂಭಿಸಿದ ಡಿಡಿ ಡೈರೆಕ್ಟ್ ಪ್ಲಸ್, ಈಗಿನ ಡಿಡಿ ಫ್ರೀ ಡಿಶ್, ಈ ಅವಲಂಬನೆಯನ್ನು ತಪ್ಪಿಸಿತು. ತಿಂಗಳ ಬಾಡಿಗೆ ಇಲ್ಲ; ಡಿಶ್, ಎಲ್‌ಎನ್‌ಬಿ, ಬಾಕ್ಸ್ ಮೂರಕ್ಕೆ ಒಮ್ಮೆ ಕೊಟ್ಟರೆ ಮುಗಿಯಿತು, ದೂರದರ್ಶನದ ಕನ್ನಡ ವಾಹಿನಿ ಡಿಡಿ ಚಂದನ ಮನೆಗೆ ಬರುತ್ತದೆ.

ಫ್ರೀ ಡಿಶ್‌ನ ಉಪಗ್ರಹ ಜಿಸ್ಯಾಟ್-15, ಸಮಭಾಜಕದ ಮೇಲೆ ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿ ನಿಂತಿದೆ. ಹೊಗೆನಕಲ್ ಇರುವುದು ಅಕ್ಷಾಂಶ 12.1, ರೇಖಾಂಶ 77.8ರ ಹತ್ತಿರ. ಈ ಎರಡರಿಂದ ಲೆಕ್ಕ ಹಾಕಿದರೆ ಡಿಶ್ ನೋಡಬೇಕಾದ ದಿಕ್ಕು ಉತ್ತರದಿಂದ ಪ್ರದಕ್ಷಿಣೆಯಾಗಿ ಸುಮಾರು 127 ಡಿಗ್ರಿ, ಅಂದರೆ ಹೆಚ್ಚುಕಡಿಮೆ ಆಗ್ನೇಯ. ಎತ್ತರ ಸುಮಾರು 67 ಡಿಗ್ರಿ. ದೆಹಲಿಯ ಡಿಶ್ಶಿಗಿಂತ ಇಲ್ಲಿಯದು ಆಕಾಶವನ್ನು ಎಷ್ಟೋ ಹೆಚ್ಚು ನೆಟ್ಟಗೆ ನೋಡಬೇಕು. ಇದರಿಂದ ಲಾಭವಿದೆ, ದೂರದ ಗುಡ್ಡ ಅಡ್ಡ ಬರುವುದಿಲ್ಲ. ಅಡ್ಡ ಬರುವುದು ಅಂಗಳದ ಹುಣಸೆ, ತೆಂಗು. ಕೂರಿಸಿದಾಗ ಚೆನ್ನಾಗಿ ಬರುತ್ತಿದ್ದ ಚಿತ್ರ ಎರಡು ಮಳೆಗಾಲ ಕಳೆದ ಮೇಲೆ ಕೆಟ್ಟರೆ ಡಿಶ್ಶಿಗಿಂತ ಮೊದಲು ಮರ ನೋಡಬೇಕು.

ಇಲ್ಲಿ ಒಂದು ಕಣ್ಕಟ್ಟು ಉಂಟು. ಮನೆಯ ಡಿಶ್ಶುಗಳು ಬಹುಪಾಲು ಆಫ್‌ಸೆಟ್ ಬಗೆಯವು. ಕಿರಣ ಅವುಗಳ ಮುಖಕ್ಕೆ ನೇರವಾಗಿ ಬೀಳದೆ ಇಪ್ಪತ್ತಕ್ಕಿಂತ ಹೆಚ್ಚು ಡಿಗ್ರಿ ಓರೆಯಾಗಿ ಬೀಳುವಂತೆ ತಟ್ಟೆಯನ್ನು ರೂಪಿಸಿರುತ್ತಾರೆ. ಹಾಗಾಗಿ 67 ಡಿಗ್ರಿಗೆ ಕೂರಿಸಿದ ಡಿಶ್ ನೋಡುವವರಿಗೆ 45ಕ್ಕಿಂತ ಕೆಳಗಿರುವಂತೆ ಕಾಣುತ್ತದೆ. ‘ಇಷ್ಟು ಬಗ್ಗಿದೆಯಲ್ಲ’ ಎಂದು ತಟ್ಟೆಯನ್ನು ಇನ್ನಷ್ಟು ಮೇಲೆತ್ತಿದವರು ಸಿಗ್ನಲ್ ಕಳೆದುಕೊಳ್ಳುತ್ತಾರೆ. ಕ್ಲ್ಯಾಂಪಿನ ಮೇಲೆ ಕೊರೆದ ಡಿಗ್ರಿ ಗೆರೆಗಳನ್ನು ನಂಬಬೇಕು, ಕಣ್ಣನ್ನಲ್ಲ. ಅದಕ್ಕೂ ಮೊದಲು ಕಂಬ ನೆಟ್ಟಗಿರಬೇಕು. ತೂಗುಗುಂಡು ಬಿಟ್ಟು ನೋಡದೆ ಕಾಂಕ್ರೀಟ್ ಹಾಕಿದ ಕಂಬದ ಮೇಲೆ ಯಾವ ಡಿಗ್ರಿಯೂ ನಿಜ ಹೇಳುವುದಿಲ್ಲ.

ತಟ್ಟೆಯ ಎದುರಿನ ತೋಳಿನಲ್ಲಿ ಕೂತ ಎಲ್‌ಎನ್‌ಬಿ, ಕು ಬ್ಯಾಂಡಿನ ಹನ್ನೊಂದು ಹನ್ನೆರಡು ಗಿಗಾಹರ್ಟ್ಜ್‌ನ ಸಿಗ್ನಲನ್ನು 950ರಿಂದ 2150 ಮೆಗಾಹರ್ಟ್ಜ್‌ಗೆ ಇಳಿಸಿ ಕೇಬಲ್ಲಿಗೆ ಬಿಡುತ್ತದೆ. ಅದಕ್ಕೆ ಬೇಕಾದ ಕರೆಂಟು ಬಾಕ್ಸಿನಿಂದ ಅದೇ ಕೇಬಲ್ಲಿನಲ್ಲಿ ಹತ್ತುತ್ತದೆ: 13 ವೋಲ್ಟ್ ಕಳಿಸಿದರೆ ಲಂಬ ಧ್ರುವೀಕರಣದ ವಾಹಿನಿಗಳು, 18 ಕಳಿಸಿದರೆ ಅಡ್ಡ ಧ್ರುವೀಕರಣದವು. ಅರ್ಧ ವಾಹಿನಿಗಳು ಮಾತ್ರ ಬರುತ್ತಿದ್ದರೆ ಡಿಶ್ ಅಲುಗಿದೆ ಎಂದುಕೊಳ್ಳುವ ಮೊದಲು 18 ವೋಲ್ಟ್ ಮೇಲಿನವರೆಗೆ ಮುಟ್ಟುತ್ತಿದೆಯೇ ಎಂದು ನೋಡಬೇಕು. ತುಕ್ಕು ಹಿಡಿದ ಎಫ್ ಕನೆಕ್ಟರ್ ಆ ವೋಲ್ಟೇಜನ್ನು ತಿಂದಿರುತ್ತದೆ. ಕೇಬಲ್ ಆರ್‌ಜಿ-6 ಇರಬೇಕು, ಹೊರಗಿನ ಕನೆಕ್ಟರಿಗೆ ನೀರಿಳಿಯದಂತೆ ರಬ್ಬರ್ ಟೇಪು ಸುತ್ತಬೇಕು, ಮನೆಯೊಳಗೆ ನುಗ್ಗುವ ಮೊದಲು ಕೇಬಲ್ಲಿಗೆ ಒಂದು ಬಳುಕು ಕೊಡಬೇಕು. ಮಳೆಯ ನೀರು ಆ ಬಳುಕಿನ ತಳದಲ್ಲಿ ತೊಟ್ಟಿಕ್ಕಿ ಬೀಳುತ್ತದೆ, ಗೋಡೆಯೊಳಕ್ಕೆ ಹೋಗುವುದಿಲ್ಲ. ಜೋರು ಮಳೆಯಲ್ಲಿ ಚಿತ್ರ ಚೂರುಚೂರಾಗುವುದು ಕು ಬ್ಯಾಂಡಿನ ಗುಣ, ಮಳೆಹನಿಗಳೇ ಸಿಗ್ನಲನ್ನು ಹೀರುತ್ತವೆ. ಸ್ವಲ್ಪ ದೊಡ್ಡ ತಟ್ಟೆ ಹಾಕಿದರೆ ತಡೆದುಕೊಳ್ಳುವ ಶಕ್ತಿ ಹೆಚ್ಚುತ್ತದೆ. ಹೊಗೆನಕಲ್‌ನಲ್ಲಿ ಇದಕ್ಕೆಲ್ಲ ಮೇಲೆ ಕೋತಿಗಳ ಕಾಟ ಬೇರೆ. ಎಲ್‌ಎನ್‌ಬಿಯ ತೋಳು ಅವುಗಳಿಗೆ ಜೋತಾಡಲು ಹೇಳಿ ಮಾಡಿಸಿದಂತಿದೆ. ಹಿಂದಿನಿಂದ ಎರಡು ಕಬ್ಬಿಣದ ಪಟ್ಟಿ ಆನಿಕೆ ಕೊಟ್ಟು ಬೋಲ್ಟ್ ಬಿಗಿದರೆ ತಟ್ಟೆ ತಿರುಗುವುದು ತಪ್ಪುತ್ತದೆ.

ಕೊಳ್ಳುವ ಸ್ಥಳಕ್ಕೆ ಬಂದರೆ, ಬೆಂಗಳೂರಿನ ಟೌನ್‌ಹಾಲ್ ಹತ್ತಿರದ ಸಾದರ್ ಪತ್ರಪ್ಪ ರಸ್ತೆ, ಜನರ ಬಾಯಲ್ಲಿ ಎಸ್.ಪಿ. ರೋಡ್, ದಕ್ಷಿಣದ ಹವ್ಯಾಸಿಗಳ ದೊಡ್ಡ ಸಂತೆ. ರೆಸಿಸ್ಟರಿನಿಂದ ಸರ್ವರಿನವರೆಗೆ ಅಲ್ಲಿ ಸಿಗದ್ದು ಕಡಿಮೆ. ಮೆಜೆಸ್ಟಿಕ್ಕಿನಲ್ಲಿ ಬಸ್ಸಿಳಿದು ಬಂದವರಿಗೆ ಒಂದೇ ದಿನದಲ್ಲಿ ವ್ಯಾಪಾರ ಮುಗಿಸಿ ಊರು ಸೇರುವ ಧಾವಂತ ಇರುತ್ತದೆ, ಅಲ್ಲಿಯೇ ಎಡವಟ್ಟಾಗುವುದು. ‘ಬಿಲ್ ಬೇಕಾ, ಬೇಡ್ವಾ’ ಎಂಬ ಪ್ರಶ್ನೆಗೆ ಬೇಕು ಎನ್ನಬೇಕು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಮೇಲೆ ಕಂಪ್ಯೂಟರ್ ಬಿಡಿಭಾಗಗಳ ತೆರಿಗೆ ಗಡಿಯ ಎರಡೂ ಕಡೆ ಶೇ 18. ಬೆಂಗಳೂರಿನಲ್ಲಿ ಕೊಂಡರೆ ಅಗ್ಗ, ಹೊಸೂರಿನಲ್ಲಿ ಕೊಂಡರೆ ತುಟ್ಟಿ ಎಂಬ ತೆರಿಗೆಯ ವ್ಯತ್ಯಾಸ ಈಗಿಲ್ಲ. ಬಿಲ್ಲಿಲ್ಲದೆ ಉಳಿಸಿದ ದುಡ್ಡು ಮೊದಲ ವಾರಂಟಿ ರಿಪೇರಿಗೇ ಹೋಗುತ್ತದೆ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸುವುದೂ ಅಷ್ಟೇ ಮುಖ್ಯ.

ಅಡಾಪ್ಟರ್, ಪವರ್ ಬ್ಯಾಂಕ್, ಟಿ.ವಿ., ಲ್ಯಾಪ್‌ಟಾಪ್ ಮುಂತಾದವುಗಳ ಮೇಲೆ ಬಿಐಎಸ್ ಗುರುತೂ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆಯೂ ಇರಬೇಕು. ಕೇಂದ್ರ ಸರ್ಕಾರದ 2012ರ ಆದೇಶದಿಂದ ಬಂದ ಕಡ್ಡಾಯ ಇದು. ಆ ಸಂಖ್ಯೆಯನ್ನು ಬಿಐಎಸ್‌ನ ಮೊಬೈಲ್ ಆ್ಯಪಿನಲ್ಲಿ ಅಂಗಡಿಯ ಮುಂದೆ ನಿಂತೇ ತಾಳೆ ನೋಡಬಹುದು. ಮೆಮೊರಿ ಕಾರ್ಡ್, ಪೆನ್‌ಡ್ರೈವ್‌ಗಳಲ್ಲಿ ಮೋಸ ಬೇರೆ ಬಗೆಯದು. 128 ಜಿಬಿ ಎಂದು ಬರೆದು, ಕಂಪ್ಯೂಟರಿಗೂ ಹಾಗೆಯೇ ತೋರಿಸಿ, ಒಳಗೆ 8 ಜಿಬಿ ಚಿಪ್ಪಿಟ್ಟ ಮಾಲು ಓಡಾಡುತ್ತದೆ. ತುಂಬಿದ ಮೇಲೆ ಹಳೆಯ ಫೋಟೊಗಳ ಮೇಲೆಯೇ ಹೊಸದನ್ನು ಬರೆದುಬಿಡುತ್ತದೆ. ಪೂರ್ತಿ ತುಂಬಿಸಿ ಓದಿ ನೋಡುವ ಎಚ್2ಟೆಸ್ಟ್‌ಡಬ್ಲ್ಯೂ, ಎಫ್3 ಎಂಬ ಉಚಿತ ತಂತ್ರಾಂಶಗಳು ಇದನ್ನು ಬಯಲು ಮಾಡುತ್ತವೆ.

ಕಂಪ್ಯೂಟರ್ ಅಸೆಂಬಲ್ ಮಾಡಿಸುವಾಗ ಪ್ರೊಸೆಸರಿನ ಹೆಸರಿಗೆ ಮರುಳಾಗಿ ಎಸ್‌ಎಂಪಿಎಸ್‌ನಲ್ಲಿ ಕಂಜೂಸಿ ಮಾಡುವುದು ಸಾಮಾನ್ಯ. ಕ್ಯಾಬಿನೆಟ್ಟಿನ ಜೊತೆ ಪುಕ್ಕಟೆ ಎಂಬಂತೆ ಬರುವ ‘450 ವ್ಯಾಟ್’ ಎಸ್‌ಎಂಪಿಎಸ್ ಅಷ್ಟನ್ನು ಕೊಡುತ್ತದೆ ಎಂದು ನಂಬುವುದು ಕಷ್ಟ. ಕೈಯಲ್ಲಿ ಹಿಡಿದರೆ ಅದರ ಹಗುರವೇ ಹೇಳುತ್ತದೆ. ವೋಲ್ಟೇಜು ಕುಣಿಯುವ ಊರಿಗೆ ಒಯ್ಯುವ ಡಬ್ಬಕ್ಕೆ 80 ಪ್ಲಸ್ ಗುರುತಿನ, ಹೆಸರಿರುವ ಕಂಪನಿಯ ಎಸ್‌ಎಂಪಿಎಸ್ಸೇ ಮೊದಲ ಆಯ್ಕೆಯಾಗಬೇಕು. ಉಳಿದದ್ದು ಹೊಂದಾಣಿಕೆಯ ಮಾತು: ಪ್ರೊಸೆಸರಿಗೂ ಮದರ್‌ಬೋರ್ಡಿಗೂ ಸಾಕೆಟ್ ಒಂದೇ ಇರಬೇಕು, ಡಿಡಿಆರ್4 ಬೋರ್ಡಿಗೆ ಡಿಡಿಆರ್5 ರ‍್ಯಾಮ್ ಕೂರುವುದಿಲ್ಲ. ಬೆಂಗಳೂರಿನ ಕಂಪನಿಗಳು ಬಳಸಿ ಬಿಟ್ಟ ಲ್ಯಾಪ್‌ಟಾಪುಗಳು ರಿಫರ್ಬಿಶ್ಡ್ ಎಂಬ ಹೆಸರಿನಲ್ಲಿ ಸಿಗುತ್ತವೆ. ಓದುವ ಮಕ್ಕಳಿರುವ ಮನೆಗೆ ಹೊಸ ಅಗ್ಗದ ಲ್ಯಾಪ್‌ಟಾಪಿಗಿಂತ ಇವೇ ಮೇಲು, ಏಕೆಂದರೆ ಇವುಗಳ ಬಿಜಾಗರಿ, ಕೀಬೋರ್ಡು ಕಚೇರಿಯ ದುಡಿತಕ್ಕೆ ಮಾಡಿದವು. ನೋಡಬೇಕಾದದ್ದು ಬ್ಯಾಟರಿಯ ಉಳಿದ ಆಯಸ್ಸು, ಬಯಾಸ್‌ಗೆ ಹಳೆಯ ಕಂಪನಿಯ ಪಾಸ್‌ವರ್ಡ್ ಉಳಿದಿದೆಯೇ ಎಂಬುದು, ವಿಂಡೋಸ್ ಅಧಿಕೃತವೇ ಎಂಬುದು.

ಕರೆಂಟು ಹೋದಾಗಿನ ಏರ್ಪಾಡಿಗೆ ಸ್ವಲ್ಪ ಲೆಕ್ಕ ಬೇಕು. 600 ವಿಎ ಎಂದು ಬರೆದ ಸಾಧಾರಣ ಯುಪಿಎಸ್ ಹೊರುವುದು 360 ವ್ಯಾಟ್. ಒಳಗಿನ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿಯಲ್ಲಿರುವುದು 84 ವ್ಯಾಟ್-ಅವರ್. ನೂರು ವ್ಯಾಟಿನ ಕಂಪ್ಯೂಟರಿಗೆ ಕಾಲು ಗಂಟೆಯಿಂದ ಅರ್ಧ ಗಂಟೆ. ಅದು ಕೆಲಸ ಉಳಿಸಿ ಬಂದ್ ಮಾಡಲು ಕೊಟ್ಟ ಸಮಯ, ಸಿನಿಮಾ ನೋಡಲು ಅಲ್ಲ. ಗಂಟೆಗಟ್ಟಲೆ ಬೇಕಿದ್ದರೆ 150 ಆಂಪಿಯರ್-ಅವರ್‌ನ ಟ್ಯೂಬುಲರ್ ಬ್ಯಾಟರಿಯ ಇನ್ವರ್ಟರ್ ಇರಲಿ. 1800 ವ್ಯಾಟ್-ಅವರ್‌ನಲ್ಲಿ ಅರ್ಧದ ಮೇಲೆ ಸ್ವಲ್ಪವಷ್ಟೇ ಬಳಸಿದರೆ ಬ್ಯಾಟರಿ ಬಾಳುತ್ತದೆ. ವೈಫೈ ರೂಟರಿಗೆ ಪ್ರತ್ಯೇಕವಾಗಿ 12 ವೋಲ್ಟಿನ ಪುಟ್ಟ ಯುಪಿಎಸ್ ಸಿಗುತ್ತದೆ. ಬೆಲೆಗೆ ಹೋಲಿಸಿದರೆ ಇಷ್ಟು ಉಪಕಾರಿ ಸಾಮಾನು ಇನ್ನೊಂದಿಲ್ಲ.

ಸೌಂಡಿನ ಹುಚ್ಚು ಇರುವವರದು ಬೇರೆಯೇ ಲೋಕ. ಸ್ಯಾನ್ಯೊ ಕಂಪನಿ ಕಾರ್ ಸ್ಟೀರಿಯೊಗೆಂದು ಮಾಡಿದ ಎಲ್‌ಎ4440 ಐಸಿಯ ಬೋರ್ಡು, ಹವ್ಯಾಸಿಗಳ ಮಾತಲ್ಲಿ ಬರೀ ‘4440’, ಎಷ್ಟು ಹಳ್ಳಿಗಳ ಮೊದಲ ಆಂಪ್ಲಿಫೈಯರ್ ಆಗಿದೆಯೋ ಲೆಕ್ಕವಿಲ್ಲ. ಎರಡು ಚಾನೆಲ್ಲಿಗೆ ತಲಾ 6 ವ್ಯಾಟ್, ಬ್ರಿಡ್ಜ್ ಮಾಡಿದರೆ 19 ವ್ಯಾಟ್, 12 ವೋಲ್ಟಿನಲ್ಲೇ. ಬೆಸುಗೆ ಹಾಕಲು ಕಲಿಯುವ ಹುಡುಗ ಹುಡುಗಿಯರಿಗೆ ಇವತ್ತಿಗೂ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಕಂಪ್ಯೂಟರಿಗೆ ಆಂಪ್ಲಿಫೈಯರ್ ಜೋಡಿಸಿದ ಕೂಡಲೇ ಬರುವ ‘ಹಮ್ಮ್’ ಸದ್ದಿಗೆ ಕಾರಣ ಬಹುಮಟ್ಟಿಗೆ ಎರಡು ಅರ್ಥ್ ದಾರಿಗಳು: ಕಂಪ್ಯೂಟರ್ ಒಂದು ಸಾಕೆಟ್ಟಿನಲ್ಲಿ, ಆಂಪ್ಲಿಫೈಯರ್ ಇನ್ನೊಂದರಲ್ಲಿ, ನಡುವೆ ಆಡಿಯೊ ಕೇಬಲ್ಲಿನ ಜಾಲರಿ ಸೇರಿ ಒಂದು ಸುತ್ತು ಆಗಿರುತ್ತದೆ. ಎರಡನ್ನೂ ಒಂದೇ ಬೋರ್ಡಿಗೆ ಹಾಕಿದರೆ ಸಾಮಾನ್ಯವಾಗಿ ಸದ್ದು ಅಡಗುತ್ತದೆ. ಹಮ್ಮ್ ತಪ್ಪಿಸಲು ಪ್ಲಗ್ಗಿನ ಅರ್ಥ್ ಪಿನ್ನನ್ನೇ ಕಿತ್ತು ಹಾಕುವ ಪದ್ಧತಿ ಕೆಲವೆಡೆ ಇದೆ. ಅದನ್ನು ಯಾವ ಕಾರಣಕ್ಕೂ ಮಾಡಕೂಡದು.

ಯಂತ್ರ ಕೂತ ಮೇಲೆ ಕನ್ನಡವನ್ನು ಕೂರಿಸುವ ಕೆಲಸ ಉಳಿದಿರುತ್ತದೆ. ಯೂನಿಕೋಡ್ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಕೊಟ್ಟಿತು. ಆದರೂ ಮನೆಯ ಕಂಪ್ಯೂಟರಿನಲ್ಲಿ ಕನ್ನಡ ಬರೆಯುವಂತಾದದ್ದು ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ, ಶೇಷಾದ್ರಿವಾಸು ಅವರ 1998ರ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇವುಗಳಿಂದ. ಸಾಹಿತಿ ಪೂರ್ಣಚಂದ್ರ ತೇಜಸ್ವಿಯವರು ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶಕ್ಕಾಗಿ ಸರ್ಕಾರದ ಬೆನ್ನು ಬಿದ್ದದ್ದೂ ಇದೇ ಕಾಲದಲ್ಲಿ. ಈಗ ವಿಂಡೋಸ್‌ನ ಭಾಷೆಯ ಸೆಟ್ಟಿಂಗಿನಲ್ಲಿ ಕನ್ನಡ ಸೇರಿಸಿದರೆ ಫಾಂಟೂ ಕೀಲಿಮಣೆಯೂ ಒಟ್ಟಿಗೆ ಬರುತ್ತವೆ. ಗಡಿಮನೆಯಲ್ಲಿ ತಮಿಳನ್ನೂ ಸೇರಿಸಬೇಕು. ಮಕ್ಕಳ ಶಾಲೆಗೆ ತಮಿಳು99 ಕೀಲಿಮಣೆ, ಅಜ್ಜಿಗೆ ಕಳಿಸುವ ಪತ್ರಕ್ಕೆ ಕನ್ನಡ, ನಡುವೆ ವಿಂಡೋಸ್ ಕೀಲಿಯ ಜೊತೆ ಸ್ಪೇಸ್ ಒತ್ತಿದರೆ ಬದಲಾಗುತ್ತದೆ. ತಮಿಳು ಲಿಪಿಯಲ್ಲಿ ಓದು ಕಲಿತವರಿಗೆ ಕ, ಖ, ಗ, ಘ ಬೇರೆ ಬೇರೆ ಅಕ್ಷರಗಳಾಗಿರುವುದು ಮೊದಮೊದಲು ತೊಡಕು, ಮೊಬೈಲಿನಲ್ಲಿ ಮಾತಾಡಿ ಬರೆಸುವ ಸೌಲಭ್ಯ ಅವರಿಗೆ ಒಳ್ಳೆಯ ಆರಂಭ. ಹಳೆಯ ನುಡಿ ಫಾಂಟಿನ ಕಡತ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಂಡರೆ ಕಡತ ಕೆಟ್ಟಿಲ್ಲ. ಅದು ಯೂನಿಕೋಡಿಗಿಂತ ಹಿಂದಿನ ಸಂಕೇತದಲ್ಲಿದೆ, ಪರಿವರ್ತಕದಲ್ಲಿ ಹಾಯಿಸಿದರೆ ಕನ್ನಡವಾಗುತ್ತದೆ.

ಆಮೇಲಿನದು ಕಾಪಾಡುವ ಕೆಲಸ. ಬೆಚ್ಚಗಿನ ಅಡಾಪ್ಟರ್ ಕಂಡರೆ ಇರುವೆಗೆ ಗೂಡು, ಹಲ್ಲಿಗೆ ಹಾಸಿಗೆ; ಬಳಸದ ಸಾಕೆಟ್ಟಿಗೆ ಮುಚ್ಚಳ ಹಾಕಿದರೆ ಅರ್ಧ ತೊಂದರೆ ತಪ್ಪುತ್ತದೆ. ಬೇಸಿಗೆಗೆ ಮೊದಲೊಮ್ಮೆ ಡಬ್ಬ ಬಿಚ್ಚಿ ಮೆತ್ತನೆ ಬ್ರಷ್ಷಿನಿಂದ ಧೂಳು ತೆಗೆಯಬೇಕು, ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಂಡು. ಕೊನೆಗೆ ಕೆಟ್ಟುಹೋದದ್ದನ್ನು ಗುಜರಿಯವನಿಗೆ ತೂಕಕ್ಕೆ ಹಾಕುವ ರೂಢಿ ನಿಲ್ಲಬೇಕು. ಪಿಕ್ಚರ್ ಟ್ಯೂಬಿನ ಗಾಜಿನಲ್ಲಿ ಸೀಸ ಇದೆ, ಅದನ್ನು ಒಡೆದು ತಾಮ್ರ ಬಿಡಿಸಿ ಉಳಿದದ್ದನ್ನು ಹಳ್ಳಕ್ಕೆ ಎಸೆದರೆ ಅದು ಸೇರುವುದು ಚಿನ್ನಾರ್ ಹೊಳೆಯ ಮೂಲಕ ಕಾವೇರಿಗೇ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಸಾಮಾನನ್ನು ನೋಂದಾಯಿತ ಮರುಬಳಕೆದಾರರಿಗೆ ತಲುಪಿಸುವ ಹೊಣೆ ತಯಾರಕರದ್ದು. ಇನ್ವರ್ಟರ್ ಬ್ಯಾಟರಿಯನ್ನು ಹೊಸದು ಕೊಳ್ಳುವ ಅಂಗಡಿಯವರೇ ಬೆಲೆ ಮುರಿದು ಹಿಂದಕ್ಕೆ ಪಡೆಯುತ್ತಾರೆ. ಹಾರ್ಡ್ ಡಿಸ್ಕನ್ನು ಕೊಡುವ ಮೊದಲು ಪೂರ್ತಿ ಅಳಿಸಬೇಕು, ಕೆಟ್ಟ ಡಿಸ್ಕಾದರೆ ತಟ್ಟೆಗೆ ರಂಧ್ರ ಕೊರೆದೇ ಕೊಡಬೇಕು.